ಉಣುಗು: ಕಾಡು ಸುತ್ತುವವರಿಗೆ ಕೆಲವು ಮಾತು

ಮಳೆಗಾಲ ಕಳೆದು ಕೊಂಚಾವರದ ಕಾಡಿನಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತಾಗ, ಚಂದ್ರಂಪಳ್ಳಿಯ ಜಲಾಶಯವನ್ನು ನೋಡಬೇಕೆಂದು ಸೇಡಂ, ಚಿತ್ತಾಪುರ, ಶಹಾಬಾದ, ವಾಡಿಗಳ ಕಡೆಯಿಂದ ತರುಣರು ಗುಂಪುಗೂಡಿ ಹೊರಡುವರು. ಬುತ್ತಿ, ನೀರು, ಛಾಯಾಚಿತ್ರದ ಪೆಟ್ಟಿಗೆ ಇವೆಲ್ಲವೂ ನೆನಪಿಗೆ ಬರುತ್ತವೆ. ಹುಲಿ ಚಿರತೆಗಳ ಭಯವೂ ಸ್ವಲ್ಪಮಟ್ಟಿಗೆ ಇರುವುದುಂಟು. ಆದರೆ ಎಳ್ಳುಕಾಳಿನಷ್ಟು ಗಾತ್ರದ ಒಂದು ಪ್ರಾಣಿಯನ್ನು ಕುರಿತು ಯಾರೂ ಯೋಚಿಸುವುದಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಈ ಕಾಡಿನಲ್ಲಿ ನಡೆದಾಡುವವನಿಗೆ ಎದುರಾಗುವ ಸಂಭವ ಹೆಚ್ಚಾಗಿರುವುದು ಇದಕ್ಕೇ. ಇದರ ಹೆಸರು ಉಣುಗು. ನಮ್ಮ ಕಡೆ ಇದನ್ನು ಉಣ್ಣೆಯೆಂದೂ ಹೇಳುವರು. ಕುರಿಯ ತುಪ್ಪಳಕ್ಕೂ ಅದೇ ಹೆಸರು ಇರುವುದರಿಂದ, ಗೊಂದಲವಾಗದಿರಲೆಂದು ನಾನು ಉಣುಗು ಎಂದೇ ಕರೆಯುವೆನು.

ಉಣುಗನ್ನು ಹುಳುವೆಂದು ಎಣಿಸುವುದು ರೂಢಿ. ವಾಸ್ತವವಾಗಿ ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದುದು; ಬೆಳೆದ ಉಣುಗಿಗೆ ಎಂಟು ಕಾಲುಗಳು, ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಮಾತ್ರ ಆರು. ಅದಕ್ಕೆ ರೆಕ್ಕೆಯಿಲ್ಲ, ಹಾರಲಾರದು, ನೆಗೆಯಲಾರದು. ಮರದಿಂದ ತಲೆಯ ಮೇಲೆ ಉದುರುವುದೆಂಬ ಮಾತು ಬಹುಮಟ್ಟಿಗೆ ಕಲ್ಪನೆ. ಅದು ಮಾಡುವುದು ಇಷ್ಟೇ: ಹುಲ್ಲಿನ ತುದಿಗೋ ಪೊದೆಯ ಎಲೆಯಂಚಿಗೋ ಏರಿ, ಮುಂಗಾಲುಗಳೆರಡನ್ನೂ ಚಾಚಿ ಕಾಯುತ್ತದೆ. ಆ ಮುಂಗಾಲುಗಳಲ್ಲಿ ಒಂದು ವಿಶೇಷ ಇಂದ್ರಿಯವುಂಟು. ನಾವು ಬಿಡುವ ಉಸಿರಿನಲ್ಲಿರುವ ಅಂಗಾರಾಮ್ಲವಾಯುವನ್ನೂ ಮೈಯ ವಾಸನೆಯನ್ನೂ ಬಿಸಿಯನ್ನೂ ಅದರಿಂದಲೇ ಅರಿಯುತ್ತದೆ. ದನವಾಗಲಿ, ಮನುಷ್ಯನಾಗಲಿ ಹುಲ್ಲನ್ನು ಸವರಿಕೊಂಡು ಹೋದರೆ ಸಾಕು, ಹಿಡಿದುಕೊಂಡುಬಿಡುವುದು. ಆದುದರಿಂದ ದನಕುರಿಗಳು ದಿನವೂ ತುಳಿಯುವ ಹಾದಿಯ ಇಕ್ಕೆಲದ ಹುಲ್ಲೇ ಅದರ ಮುಖ್ಯ ಠಾಣ್ಯ. ಶಹಾಬಾದದ ಬೋಳು ಹಾಸುಗಲ್ಲಿನ ಮೇಲೆ ನಡೆಯುವವನಿಗೆ ಈ ಭಯ ಕಡಿಮೆ; ಕುರಿಹಿಂಡು ರಾತ್ರಿ ತಂಗಿದ ಹಟ್ಟಿಯ ಮಗ್ಗುಲಲ್ಲಿ ಕಂಬಳಿ ಹಾಸಿ ಮಲಗುವವನಿಗೆ ಹೆಚ್ಚು.

ಮೈಯೇರಿದ ಮೇಲೆ ಅದು ಕೂಡಲೆ ಕಚ್ಚುವುದಿಲ್ಲ. ತೊಡೆಯ ಸಂದು, ಕಂಕುಳು, ಮೊಣಕಾಲಿನ ಹಿಂಬದಿ, ಉಡಿದಾರದ ಕೆಳಗು, ಕಿವಿಯ ಹಿಂದು, ಹೀಗೆ ಚರ್ಮ ಮೃದುವಾಗಿರುವ ಸ್ಥಳವನ್ನು ಹುಡುಕುತ್ತ ಅಲೆಯುವುದು. ಈ ಅಲೆದಾಟದ ಅವಧಿಯೇ ನಮಗೆ ದೊರೆಯುವ ಅವಕಾಶ. ಸ್ಥಳ ಗೊತ್ತಾದೊಡನೆ ಬಾಯಿಯ ಕೊಂಡಿಯನ್ನು ಒಳಕ್ಕೆ ಇಳಿಸುವುದು. ಆ ಕೊಂಡಿಯಲ್ಲಿ ಹಿಮ್ಮುಖವಾದ ಮುಳ್ಳುಗಳಿರುತ್ತವೆ; ಅದು ಸಾಲದೆಂಬಂತೆ ಅನೇಕ ಜಾತಿಯ ಉಣುಗುಗಳು ಗಾರೆಯಂಥ ರಸವನ್ನು ಒಸರಿಸಿ ತಮ್ಮನ್ನು ಅಂಟಿಸಿಕೊಳ್ಳುವುವು. ಜೊಲ್ಲಿನಲ್ಲಿ ನೋವನ್ನು ಮರೆಸುವ ದ್ರವ್ಯವಿರುವುದರಿಂದ ಕಚ್ಚಿದುದು ತಿಳಿಯುವುದೇ ಇಲ್ಲ. ಹೆಣ್ಣು ಹಲವು ದಿನ ರಕ್ತ ಕುಡಿದು, ಹರಳಿನ ಬೀಜದಷ್ಟಾಗಿ ಊದಿ, ಕೆಳಗೆ ಬಿದ್ದು, ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುವುದು.

ಬರಿಯ ರಕ್ತದ ಮಾತಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಅದು ಅದುವರೆಗೆ ಅರಿಯದಿದ್ದ ಒಂದು ವಿಷಾಣುವೆಂದೂ ಉಣುಗೇ ಅದರ ವಾಹಕವೆಂದೂ ನಿರ್ಧರಿಸಿದರು. ಜನರು ಮಂಗನ ಕಾಯಿಲೆಯೆನ್ನುವುದು ಇದನ್ನೇ. ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ರೋಗದ ಹೆಸರಾಗಿ ನಿಂತಿತು. ಪಾಪ, ಮಂಗವೂ ನಮ್ಮಂತೆಯೇ ಬಲಿಪಶು. ಹೆಸರು ಮಾತ್ರ ಅದರ ತಲೆಗೆ ಬಿದ್ದಿದೆ. ಈ ರೋಗ ಪಶ್ಚಿಮಘಟ್ಟದ ಸಾಲಿನದು. ಚಿಂಚೋಳಿಯ ಕಾಡು ಅಲ್ಲಿಂದ ನಾನೂರು ಕಿಲೋಮೀಟರಿಗೂ ಮಿಕ್ಕು ದೂರ. ಆದರೂ ನಮ್ಮ ಹುಡುಗರು ರಜೆಯಲ್ಲಿ ಸಾಗರ, ತೀರ್ಥಹಳ್ಳಿಗಳ ಕಡೆ ಚಾರಣಕ್ಕೆ ಹೋಗುವುದುಂಟು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೋಗುವವರು ಊರಿನವರನ್ನು ಮೊದಲು ವಿಚಾರಿಸತಕ್ಕದ್ದು. ಮಂಗ ಸತ್ತುಬಿದ್ದಿರುವ ಕಾಡಿಗೆ ಕಾಲಿಡತಕ್ಕದ್ದಲ್ಲ.

ಒಣನಾಡಿನವರು ಹೆಚ್ಚಾಗಿ ಗಮನಿಸಬೇಕಾದುದು ಉಣುಗಿನ ಮಚ್ಚೆಜ್ವರವನ್ನು. ಇದು ವಿಷಾಣುವಿನದಲ್ಲ, ರಿಕೆಟ್ಸಿಯಾ ಎಂಬ ಸೂಕ್ಷ್ಮಾಣುವಿನದು. ನಾಯಿಯ ಮೇಲಿರುವ ಕಂದು ಉಣುಗು ಇದನ್ನು ಹೊತ್ತು ತರಬಲ್ಲುದು. ಜ್ವರ, ತಲೆನೋವು, ಮೈಕೈನೋವುಗಳಿಂದ ಮೊದಲಾಗಿ, ಕೆಲವು ದಿನಗಳಲ್ಲಿ ಕೆಂಪು ಮಚ್ಚೆಗಳೇಳುವುವು. ಅಂಗೈ ಅಂಗಾಲುಗಳಲ್ಲಿಯೂ ಅವು ಕಾಣಿಸಿಕೊಳ್ಳುವುದು ಇದರ ಒಂದು ಗುರುತು. ಡೆಂಗೀ ಜ್ವರವೆಂದೋ ಗೊಬ್ಬರವೆಂದೋ ಭ್ರಮೆಪಡುವುದು ಸುಲಭ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಕ್ಕೆ ಇದು ಬೇಗ ಬಗ್ಗುವುದು. ತಡವಾದರೆ ಪ್ರಾಣಕ್ಕೇ ಮುಳುವಾಗಬಹುದು. ಇಲ್ಲಿ ರೋಗಿಯ ಒಂದು ಮಾತಿಗೆ ಬಹಳ ಬೆಲೆಯುಂಟು. ಕಾಡಿಗೆ ಹೋಗಿಬಂದ ಎರಡು ಮೂರು ವಾರಗಳೊಳಗೆ ಜ್ವರ ಬಂದರೆ, “ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆನು, ಉಣುಗು ಕಚ್ಚಿತ್ತು” ಎಂದು ಕೇಳುವ ಮೊದಲೇ ವೈದ್ಯರಿಗೆ ಹೇಳಬೇಕು.

ಕೀಳುವ ಕ್ರಮದಲ್ಲಿಯೇ ನಮ್ಮವರು ಹೆಚ್ಚಾಗಿ ತಪ್ಪುವುದು. ಹಿಂದೊಮ್ಮೆ ನನ್ನೊಡನೆ ಬಂದಿದ್ದ ವಿದ್ಯಾರ್ಥಿಯೊಬ್ಬನ ತೊಡೆಗೆ ಉಣುಗು ಕಚ್ಚಿತ್ತು. ಗೆಳೆಯನೊಬ್ಬನು ಉತ್ಸಾಹದಿಂದ ಉರಿಯುವ ಬೀಡಿಯನ್ನು ತಾಗಿಸಿದನು. ನಾನು ಬೇಡವೆನ್ನುವಷ್ಟರಲ್ಲಿ ಚರ್ಮ ಸುಟ್ಟಿತು, ಮೈ ಕಿತ್ತುಬಂದು ಮೂತಿ ಒಳಗೇ ಉಳಿಯಿತು. ಹುಡುಗನು ಎರಡು ವಾರ ಕೀವಿನ ಗಾಯದಿಂದ ನರಳಿದನು. ಬೆಂಕಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಕೆಣಕಿದ ಉಣುಗು ತನ್ನೊಳಗಿನ ರಸವನ್ನು ಗಾಯದೊಳಕ್ಕೇ ಕಾರುವ ಸಂಭವವುಂಟು. ಮೊನೆ ಸರಿಯಾಗಿ ಕೂಡುವ ಸಣ್ಣ ಚಿಮಟದಿಂದ, ಊದಿದ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತೀರ ಹತ್ತಿರ ಅದರ ಮೂತಿಯನ್ನೇ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನಾಗಿ ಮೇಲಕ್ಕೆ ಎಳೆಯಬೇಕು. ಬಳಿಕ ಸಾಬೂನಿನಿಂದ ತೊಳೆದು ಸ್ಪಿರಿಟ್ ಹಚ್ಚಿದರೆ ಆಯಿತು. ಕಿತ್ತುದನ್ನು ಉಗುರಿನಲ್ಲಿ ಒರೆಯಕೂಡದು. ದನಗಾಹಿಗಳು ಹಾಗೆ ಮಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್-ಕಾಂಗೋ ಜ್ವರ ಜಜ್ಜಿದ ಉಣುಗಿನ ರಸದಿಂದಲೂ ತಗಲಬಲ್ಲುದು. ಕಾಗದದಲ್ಲಿ ಸುತ್ತಿ ಸುಡುವುದೋ, ಸ್ಪಿರಿಟ್ಟಿನ ಶೀಶೆಯಲ್ಲಿ ಹಾಕುವುದೋ ಲೇಸು.

ಇನ್ನು ಉಡುಪು. ತಿಳಿಬಣ್ಣದ ಬಟ್ಟೆಯಲ್ಲಿ ಉಣುಗು ಬೇಗ ಕಾಣುವುದು. ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿರಿ. ನೋಡುವವರು ನಕ್ಕರೆ ನಗಲಿ. ಡೀಟ್ ಇರುವ ಮುಲಾಮನ್ನು ಬಟ್ಟೆ ಮುಚ್ಚದ ಮೈಗೆ ಹಚ್ಚಿಕೊಳ್ಳಬಹುದು. ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯವರು ಡೇಪಾ ಎಂಬ ಎಣ್ಣೆಯನ್ನು ಇದಕ್ಕಾಗಿಯೇ ಹಂಚಿದ್ದಾರೆ. ಹಾದಿಯ ನಡುವೆ ನಡೆಯುವುದು, ಒಣಗಿದ ಎಲೆಗಳ ರಾಶಿಯ ಮೇಲೆ ಕುಳಿತು ಬುತ್ತಿ ಬಿಚ್ಚದಿರುವುದು, ಇವು ದುಡ್ಡಿಲ್ಲದ ಉಪಾಯಗಳು. ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನಮಾಡುತ್ತ ಸಂದುಗೊಂದುಗಳನ್ನೆಲ್ಲ ಬೆರಳಾಡಿಸಿ ನೋಡಬೇಕು. ಮಕ್ಕಳ ತಲೆಯನ್ನು ತಾಯಂದಿರು ನೋಡಬೇಕು.

ನಾಯಿಯನ್ನು ಜೊತೆಗೆ ಕರೆದೊಯ್ದವರು ಅದನ್ನು ಒಳಗೆ ಬಿಡುವ ಮೊದಲು ಅಂಗಳದಲ್ಲಿಯೇ ಕಿವಿಯನ್ನೂ ಕಾಲ್ಬೆರಳ ಸಂದನ್ನೂ ಪರೀಕ್ಷಿಸಲಿ. ನಮ್ಮ ಕಡೆಯ ಮನೆಗಳು ಶಹಾಬಾದದ ಕಲ್ಲಿನವು. ಎರಡು ಕಲ್ಲುಗಳ ನಡುವಿನ ಬಿರುಕಿನಲ್ಲಿ ಕಂದು ಉಣುಗು ಒಮ್ಮೆ ಸೇರಿಕೊಂಡು ಮೊಟ್ಟೆಯಿಟ್ಟಿತೆಂದರೆ, ಅದನ್ನು ಹೊರಡಿಸುವುದು ತಿಂಗಳುಗಟ್ಟಲೆಯ ಕೆಲಸ.