ಕಡಲಿನ ಕಾವು, ನಾಡಿನ ಮಳೆ

ದಕ್ಷಿಣ ಅಮೆರಿಕದ ಪೆರು ದೇಶದ ತೀರದಲ್ಲಿ ಕಡಲ ನೀರು ಸಾಮಾನ್ಯವಾಗಿ ತಂಪು. ಕ್ರಿಸ್ಮಸ್ಸಿನ ಸುಮಾರಿಗೆ ಅಲ್ಲಿಗೆ ಬರುವ ಬೆಚ್ಚನೆಯ ಪ್ರವಾಹವನ್ನು ಮೀನುಗಾರರು ‘ಎಲ್ ನಿನೋ’, ಎಂದರೆ ಬಾಲಯೇಸು, ಎಂದು ಕರೆದರು. ಅದು ಪ್ರಬಲವಾದ ವರ್ಷ ಮೀನು ವಿರಳ. ಬಲೆ ಬರಿದುಮಾಡುವ ಅತಿಥಿಗೆ ಎಂಥ ಮುದ್ದಿನ ಹೆಸರು!

ವಾಡಿಕೆಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಪೆಸಿಫಿಕ್ ಸಾಗರದ ಬೆಚ್ಚನೆಯ ಮೇಲ್ನೀರನ್ನು ಇಂಡೊನೇಷ್ಯದ ಕಡೆಗೆ ತಳ್ಳುತ್ತವೆ. ಅಲ್ಲಿ ತೇವಭರಿತ ಗಾಳಿ ಮೇಲೇರಿ ಮಳೆ ಸುರಿಸುತ್ತದೆ. ಮಾರುತಗಳು ದುರ್ಬಲವಾದಾಗ ಬೆಚ್ಚನೆಯ ನೀರು ಪೂರ್ವಕ್ಕೆ ಸರಿಯುತ್ತದೆ. ಮಳೆಯ ನೆಲೆಯೂ ಅದರೊಡನೆ ಸರಿಯುತ್ತದೆ. ಆಗ ಭಾರತದ ಮುಂಗಾರು ಕ್ಷೀಣಿಸುವ ಸಂಭವವುಂಟು. 1877ರಲ್ಲಿ ಪ್ರಬಲವಾದ ಎಲ್ ನಿನೋ ತಲೆದೋರಿತು. ಹಿಂದಿನ ವರ್ಷವೇ ಮಳೆಯಿಲ್ಲದೆ ಕಂಗೆಟ್ಟಿದ್ದ ಮೈಸೂರು ಸಂಸ್ಥಾನದಲ್ಲಿ ಕ್ಷಾಮ ಮತ್ತಷ್ಟು ಭೀಕರವಾಯಿತು. 1871ರಲ್ಲಿ 50 ಲಕ್ಷ ಮೀರಿದ್ದ ಅಲ್ಲಿನ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆದರೆ ಈ ನಂಟು ಅಚಲವಾದ ನಿಯಮವಲ್ಲ. 1997ರ ಎಲ್ ನಿನೋ ಅತಿ ಪ್ರಬಲವಾಗಿದ್ದರೂ ಭಾರತದಲ್ಲಿ ಮುಂಗಾರು ವಾಡಿಕೆಯಂತೆಯೇ ಸುರಿಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಪೂರ್ವ ಭಾಗ ತಂಪಾದುದೇ ಮಳೆಗೆ ನೆರವಾಯಿತೆಂದು ಹಲವು ವಿಜ್ಞಾನಿಗಳು ತರ್ಕಿಸಿದ್ದಾರೆ. 2002ರ ಎಲ್ ನಿನೋ ಅಷ್ಟೇನೂ ಪ್ರಬಲವಾಗಿರಲಿಲ್ಲ. ಆದರೂ ಆ ವರ್ಷದ ಜುಲೈ ತಿಂಗಳಲ್ಲಿ ದೇಶದ ಮಳೆ ವಾಡಿಕೆಯ ಸುಮಾರು ಅರ್ಧಕ್ಕೆ ಇಳಿಯಿತು.