ಮೊರೆಹೊಕ್ಕವನನ್ನು ಕಾಯುವವರು ಯಾರು?

“ಪೊಲೀಸರಿಗೆ ಬೇಕಾದವನು ರಾಯಭಾರ ಕಚೇರಿಯನ್ನು ಹೊಕ್ಕರೆ ಅವನನ್ನು ಹಿಡಿಯುವಂತಿಲ್ಲವಂತೆ, ಹೌದೇ?” ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಈ ಪ್ರಶ್ನೆಗೆ ನಾವು ಆದವಾನಿಯ ಕಡೆಯ ಚರಿತ್ರೆಯಿಂದಲೇ ಉತ್ತರ ಹೇಳತೊಡಗುತ್ತೇವೆ.

ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಆದವಾನಿ ನಮಗೆ ದೂರವಾದರೂ ಪರಕೀಯವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. ಮೂರು ವರ್ಷಗಳ ಬಳಿಕ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿನ ಕನ್ನಡಿಗರ ಪಾಡು ನಮಗೆ ಹೇಳಿ ತಿಳಿಯಬೇಕಾದುದಲ್ಲ.

ಆದವಾನಿಯ ಬೆಟ್ಟದ ಕೋಟೆಯನ್ನು ವಿಜಯನಗರದ ಅರಸರು ಆಪತ್ಕಾಲದ ಆಸರೆಯೆಂದೇ ಬಲಪಡಿಸಿದರೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಆ ಕೋಟೆಯೂ 1568ರಲ್ಲಿ ಬಿಜಾಪುರದವರ ವಶವಾಯಿತು. ಕಲ್ಲಿನ ಗೋಡೆಯ ಆಸರೆ ಅಷ್ಟೇ.

ವಿಜಯನಗರಕ್ಕೂ ಹಿಂದೆ, ಆದವಾನಿಯ ಪಶ್ಚಿಮಕ್ಕೆ, ಹಳೆಯ ಬಳ್ಳಾರಿ ಜಿಲ್ಲೆಯಲ್ಲೇ ಇರುವ ಕಂಪಿಲಿಯಲ್ಲಿ ನಡೆದುದನ್ನು ನೋಡಿ. 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು, ಸೋತು, ಕಂಪಿಲರಾಯನ ಮೊರೆಹೊಕ್ಕನು. ಸುಲ್ತಾನನ ಸೈನ್ಯ ಬೆನ್ನಟ್ಟಿ ಬಂದರೂ ರಾಯನು ಅವನನ್ನು ಒಪ್ಪಿಸಲಿಲ್ಲ. ಧಾನ್ಯ ತೀರಿದಾಗ ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿಕೊಟ್ಟನು. ಅರಮನೆಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು, ರಾಯನು ಹೋರಾಡಿ ಮಡಿದನು. ಸೆರೆಯಾಗಿ ದೆಹಲಿಗೆ ಹೋದ ರಾಯನ ಮಕ್ಕಳಲ್ಲಿ ಕೆಲವರನ್ನು ಪ್ರವಾಸಿ ಇಬ್ನ್ ಬತೂತ ಕಂಡಿದ್ದನು.

ಎರಡನೆಯ ಆಶ್ರಯದಾತ ಹೊಯ್ಸಳ ಮೂರನೆಯ ಬಲ್ಲಾಳ. ಸೈನ್ಯ ಅತ್ತ ತಿರುಗಿದಾಗ ಅವನು ಗುರ್ಶಾಸ್ಪನನ್ನು ಒಪ್ಪಿಸಿಬಿಟ್ಟನು. ಸುಲ್ತಾನನು ಬಂದಿಯ ಚರ್ಮವನ್ನು ಜೀವಂತ ಸುಲಿಸಿದನು.

‘ಶರಣಾಗತ ವಜ್ರಪಂಜರ’ ಎಂಬ ಬಿರುದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆ ಎಷ್ಟೆಂಬುದು ಕಂಪಿಲಿಯಲ್ಲಿ ಕಂಡಿತು.

ಇಂದಿನ ರಾಯಭಾರ ಕಚೇರಿಗೆ ಕೋಟೆಯೂ ಇಲ್ಲ, ಸೈನ್ಯವೂ ಇಲ್ಲ. ಅದನ್ನು ಕಾಯುವುದು 1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿ. ಕಚೇರಿ ಇರುವ ಜಾಗ ಪರದೇಶದ ನೆಲವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು, ನೆಲ ಆಯಾ ದೇಶದ್ದೇ. ಆದರೆ ರಾಯಭಾರಿಯ ಒಪ್ಪಿಗೆಯಿಲ್ಲದೆ ಆ ದೇಶದ ಪೊಲೀಸರು ಒಳಗೆ ಕಾಲಿಡುವಂತಿಲ್ಲ. ಈ ರಕ್ಷಣೆ ಕಚೇರಿಗೆ ಸಂದುದೇ ಹೊರತು ಓಡಿಬಂದವನಿಗಲ್ಲ. ಅವನು ಹೊಸ್ತಿಲು ದಾಟಿದೊಡನೆ ಬಂಧಿಸಬಹುದು.

ಹಂಗೇರಿಯ ಕಾರ್ಡಿನಲ್ ಮಿಂಡ್‌ಸೆಂಟಿ 1956ರಿಂದ 1971ರ ತನಕ ಬುಡಾಪೆಸ್ಟಿನ ಅಮೆರಿಕದ ದೂತಾವಾಸದಲ್ಲೇ ದಿನ ಕಳೆದರು. 2012ರಲ್ಲಿ ಲಂಡನ್ನಿನ ಈಕ್ವೆಡಾರ್ ಕಚೇರಿಯನ್ನು ಹೊಕ್ಕ ಜೂಲಿಯನ್ ಅಸಾಂಜ್ ಸುಮಾರು ಏಳು ವರ್ಷ ಅಲ್ಲಿದ್ದರು. 2019ರ ಏಪ್ರಿಲ್ 11ರಂದು ಈಕ್ವೆಡಾರ್ ಆಶ್ರಯವನ್ನು ಹಿಂತೆಗೆದುಕೊಂಡಿತು. ಪೊಲೀಸರು ಒಳಗೆ ಹೋಗಿ ಹಿಡಿದು ತಂದರು. ಹೊರಗಿನವರು ಬಾಗಿಲು ಒಡೆಯದಂತೆ ಕಾನೂನು ತಡೆದೀತು. ಒಳಗಿನವರೇ ತೆರೆದುಕೊಟ್ಟರೆ ಅದಕ್ಕೆ ಉಪಾಯವಿಲ್ಲ.

ಬಲ್ಲಾಳನನ್ನು ಹಳಿಯುವುದು ಸುಲಭ. ಪ್ರಜೆಗಳನ್ನು ಉಳಿಸುವ ಹೊಣೆಯೂ ಅವನ ಮೇಲಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿದರೆ ತರಗತಿ ಎರಡು ಪಂಗಡವಾಗುತ್ತದೆ. ಆದರೂ ಕನ್ನಡ ನಾಡು ಇಂದಿಗೂ ಹಾಡಿ ನೆನೆಯುವುದು ಕಂಪಿಲರಾಯನ ಮಗ ಕುಮಾರರಾಮನನ್ನು. ಅತಿಥಿಯನ್ನು ಒಪ್ಪಿಸಿಕೊಟ್ಟ ದಿನವನ್ನು ಯಾರೂ ಹಾಡಿದ್ದು ನಾವು ಕೇಳಿಲ್ಲ.