46 ದಿನಗಳಲ್ಲಿ ಎದ್ದು ನಿಂತ ಸೇತುವೆ

1964ರ ಡಿಸೆಂಬರ್‌ನ ಚಂಡಮಾರುತ ರಾಮೇಶ್ವರದ ಪಾಂಬನ್ ರೈಲು ಸೇತುವೆಯ ಬಹುಪಾಲು ಗರ್ಡರ್‌ಗಳನ್ನು ಕೊಚ್ಚಿಕೊಂಡು ಹೋಯಿತು. ದುರಸ್ತಿಗೆ ರೈಲ್ವೆ ಇಲಾಖೆ ಹಾಕಿಕೊಂಡ ಗಡುವು ಆರು ತಿಂಗಳು. ಹೊಣೆ ಹೊತ್ತ 32 ವರ್ಷದ ಎಂಜಿನಿಯರ್ ಇ. ಶ್ರೀಧರನ್ ಹೊಸ ಗರ್ಡರ್‌ಗಳಿಗೆ ಕಾಯುತ್ತ ಕೂರಲಿಲ್ಲ. ಮೀನುಗಾರರ ಸುಳಿವು ಹಿಡಿದು, ಕಡಲಲ್ಲಿ ಮುಳುಗಿದ್ದವನ್ನೇ ಎತ್ತಿಸಿ ಜೋಡಿಸಿದರು. 46 ದಿನಗಳಲ್ಲಿ ಸೇತುವೆ ಸಿದ್ಧವಾಯಿತು. ಮುಂದೆ ಮಂಗಳೂರಿಗೆ ಕೊಂಕಣ ರೈಲು ತಂದವರೂ ಇವರೇ.

ಯೋಜನಾ ನಿರ್ವಹಣೆ ಕಲಿಸುವ ಕೋರ್ಸುಗಳು ಇಂದು ಹಲವಾರಿವೆ. ಆದರೆ ಅಂತರರಾಷ್ಟ್ರೀಯ ಮನ್ನಣೆಯ ಪಿಎಂಪಿ ಪರೀಕ್ಷೆಗೆ ಕೂರಲು ಪದವಿಯೊಂದೇ ಸಾಲದು. ಯೋಜನೆ ಮುನ್ನಡೆಸಿದ ಅನುಭವವೂ ಬೇಕು. ಕಾಲೇಜು ವಾರ್ಷಿಕೋತ್ಸವದ ಹೊಣೆ ಹೊರಲು ಮಕ್ಕಳು ಮುಂದಾದರೆ ಹೆತ್ತವರು ತಡೆಯದಿರುವುದು ಒಳ್ಳೆಯದು. ಗಡುವಿಗೆ ಕೆಲಸ ಮುಗಿಸುವುದು, ಬಲ್ಲವರ ಮಾತಿಗೆ ಕಿವಿಗೊಡುವುದು ರೂಢಿಯಾಗುವುದು ಅಲ್ಲಿಯೇ.